ಪಾತ್ರ ಒಂದು, ನಟರು ಹಲವರು: ‘ಬೇರೊಬ್ಬರು ಮಾಡಿದ್ದರೆ?’ ಎಂಬ ಪ್ರಶ್ನೆಯ ಸುತ್ತ



ಹೆಸರಾಂತ ಚಲನಚಿತ್ರದ ಪಾತ್ರವೊಂದನ್ನು ಬೇರೊಬ್ಬ ನಟ ಮಾಡಿದ್ದರೆ ಹೇಗಿರುತ್ತಿತ್ತು ಎಂಬುದು ಚಿತ್ರಪ್ರೇಮಿಗಳ ಹಳೆಯ ಪ್ರಶ್ನೆ. ಚಹಾ ಅಂಗಡಿಯ ಕಟ್ಟೆಯ ಮೇಲೆ ಹುಟ್ಟುವ ಈ ಮಾತು ಸಾಮಾನ್ಯವಾಗಿ ಅಭಿಮಾನಿಗಳ ವಾದದಲ್ಲಿ ಮುಗಿಯುತ್ತದೆ. ಒಬ್ಬರು ‘ಆ ಪಾತ್ರ ಅವರಿಂದ ಮಾತ್ರ ಸಾಧ್ಯ’ ಎನ್ನುತ್ತಾರೆ, ಇನ್ನೊಬ್ಬರು ‘ಇವರು ಇನ್ನೂ ಚೆಂದ ಮಾಡುತ್ತಿದ್ದರು’ ಎನ್ನುತ್ತಾರೆ. ಎರಡೂ ಕಡೆ ಸಾಕ್ಷ್ಯವಿರುವುದಿಲ್ಲ. ಆದರೆ ದಕ್ಷಿಣ ಭಾರತದ ಚಿತ್ರರಂಗ ಈ ಪ್ರಶ್ನೆಗೆ ಸಾಕ್ಷ್ಯವನ್ನೂ ಒದಗಿಸಿದೆ. ಒಂದೇ ಕಥೆ ಕನ್ನಡ, ತಮಿಳು, ತೆಲುಗು, ಮಲಯಾಳಂ, ಹಿಂದಿಗಳಲ್ಲಿ ಬೇರೆ ಬೇರೆ ನಟರನ್ನಿಟ್ಟುಕೊಂಡು ಮತ್ತೆ ಮತ್ತೆ ತಯಾರಾಗಿದೆ. ಕಲ್ಪನೆಯನ್ನು ಒರೆಗೆ ಹಚ್ಚಿ ನೋಡಲು ಇಷ್ಟು ಅನುಕೂಲ ಬೇರೆ ಕಲೆಗಳಲ್ಲಿ ಅಪರೂಪ.

ಈ ಉಪನ್ಯಾಸದ ವ್ಯಾಪ್ತಿ ನಾಲ್ಕು ಭಾಗಗಳದ್ದು. ಮೊದಲನೆಯದು, ರಂಗಭೂಮಿಯಲ್ಲಿ ಕೈ ಬದಲಾಯಿಸುತ್ತಿದ್ದ ಪಾತ್ರ ಸಿನಿಮಾದಲ್ಲಿ ಒಬ್ಬ ನಟನಿಗೆ ಅಂಟಿಕೊಂಡ ಬಗೆ. ಎರಡನೆಯದು, ಆಳಂದ ಸೀಮೆಗೆ ಹತ್ತಿರವಾದ ಶರಣ ಮತ್ತು ಸಂತರ ಪಾತ್ರಗಳು. ಮೂರನೆಯದು, ದೊಡ್ಡ ತಾರೆ ಬದಲಾದಾಗ ಕಥೆಯಲ್ಲಿ ಆಗುವ ಬದಲಾವಣೆ. ನಾಲ್ಕನೆಯದು, ಸ್ತ್ರೀಪಾತ್ರ, ದನಿ ಮತ್ತು ಆಡುನುಡಿಯ ವಿಚಾರ. ನಟ ಬದಲಾದರೆ ಅಭಿನಯದ ಜೊತೆಗೆ ಕಥೆಯ ಅರ್ಥವೂ ಬದಲಾಗುತ್ತದೆ ಎಂಬುದು ಈ ನಾಲ್ಕನ್ನೂ ಹಿಡಿದಿಡುವ ಮಾತು.

ಮೊದಲು ರಂಗಭೂಮಿ. ಕಂಪನಿ ನಾಟಕಗಳ ಕಾಲದಲ್ಲಿ ಪಾತ್ರ ಯಾರ ಸ್ವತ್ತೂ ಆಗಿರಲಿಲ್ಲ. ಗುಬ್ಬಿ ವೀರಣ್ಣನವರ ಕಂಪನಿಯಂಥ ದೊಡ್ಡ ಮಂಡಳಿಗಳಲ್ಲಿ ಒಬ್ಬ ನಟ ಬಿಟ್ಟ ಪಾತ್ರವನ್ನು ಇನ್ನೊಬ್ಬ ಎತ್ತಿಕೊಳ್ಳುತ್ತಿದ್ದ. ಬಾಲನಟನಾಗಿ ಸೇರಿದವನು ಬೆಳೆದಂತೆ ಪ್ರಹ್ಲಾದನಿಂದ ಹಿರಣ್ಯಕಶಿಪುವಿನವರೆಗೂ ಏರಬಹುದಿತ್ತು. ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುವುದು ಬಹುಕಾಲ ನಡೆದುಬಂದ ರೂಢಿ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಸ್ತ್ರೀಪಾತ್ರಗಳಿಂದಲೇ ಮನೆಮಾತಾದರು. ಇಂದಿಗೂ ಹಳ್ಳಿಯ ಜಾತ್ರೆಯ ನಾಟಕದಲ್ಲಿ ಪಾರ್ಟು ಹಂಚುವುದು ಮಾಸ್ತರರ ಕೆಲಸ. ತಾಲೀಮಿನ ಹೊತ್ತಿಗೆ ಎಲ್ಲರಿಗೂ ಎಲ್ಲರ ಮಾತೂ ಬಾಯಿಗೆ ಬಂದಿರುತ್ತದೆ. ನಾಯಕನಿಗೆ ಜ್ವರ ಬಂದರೆ ಪೇಟಿ ಮಾಸ್ತರರ ಪಕ್ಕದಲ್ಲಿ ಕೂತವನೇ ಬಣ್ಣ ಹಚ್ಚಿಕೊಂಡು ರಂಗಕ್ಕೆ ಬರುತ್ತಾನೆ. ಹೋದ ವರ್ಷದ ದುರ್ಯೋಧನನನ್ನೂ ಈ ವರ್ಷದ ದುರ್ಯೋಧನನನ್ನೂ ಊರವರು ಹೋಲಿಸಿ ತೂಗುತ್ತಾರೆ. ಬೇರೊಬ್ಬರು ಮಾಡಿದ್ದರೆ ಎಂಬುದು ರಂಗಭೂಮಿಯಲ್ಲಿ ಪ್ರತಿ ಪ್ರಯೋಗದಲ್ಲೂ ಉತ್ತರ ಸಿಗುವ ಪ್ರಶ್ನೆ.

ಸಿನಿಮಾ ಬಂದ ಮೇಲೆ ಇದು ಬದಲಾಯಿತು. ಒಂದು ಸಲ ಚಿತ್ರೀಕರಣವಾದ ಅಭಿನಯ ಶಾಶ್ವತವಾಗಿ ಉಳಿಯುತ್ತದೆ. ಪಾತ್ರದ ಹೆಸರೆತ್ತಿದರೆ ನಟನ ಮುಖ ಕಣ್ಣೆದುರು ಬರುತ್ತದೆ. ಇದಕ್ಕೆ ಕನ್ನಡದ ಮೊದಲ ದೊಡ್ಡ ನಿದರ್ಶನ 1954ರ ‘ಬೇಡರ ಕಣ್ಣಪ್ಪ’. ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ತಯಾರಿಸಿದ ಈ ಚಿತ್ರವನ್ನು ನಿರ್ದೇಶಿಸಿದವರು ಎಚ್.ಎಲ್.ಎನ್. ಸಿಂಹ. ರಂಗಭೂಮಿಯಿಂದ ಬಂದ ಮುತ್ತುರಾಜ್ ಎಂಬ ತರುಣ ಈ ಚಿತ್ರದಿಂದ ರಾಜ್‌ಕುಮಾರ್ ಆದರು. ಅದೇ ವರ್ಷ ತೆಲುಗಿನಲ್ಲಿ ಬಂದ ‘ಕಾಳಹಸ್ತಿ ಮಹಾತ್ಮ್ಯಂ’ ಚಿತ್ರದಲ್ಲೂ ಕಣ್ಣಪ್ಪನಾದವರು ಅವರೇ. ಆ ಹೊತ್ತಿಗೆ ಪಾತ್ರಕ್ಕೂ ನಟನಿಗೂ ಗಂಟು ಬಿದ್ದಾಗಿತ್ತು.

ಆದರೂ ಕಣ್ಣಪ್ಪ ಒಬ್ಬರ ಬಳಿಯೇ ಉಳಿಯಲಿಲ್ಲ. 1976ರಲ್ಲಿ ಬಾಪು ನಿರ್ದೇಶನದ ತೆಲುಗಿನ ‘ಭಕ್ತ ಕಣ್ಣಪ್ಪ’ದಲ್ಲಿ ಕೃಷ್ಣಂರಾಜು ಆ ಪಾತ್ರ ಮಾಡಿದರು. 1988ರಲ್ಲಿ ಕನ್ನಡದಲ್ಲಿ ‘ಶಿವ ಮೆಚ್ಚಿದ ಕಣ್ಣಪ್ಪ’ ಬಂದಾಗ ಶಿವರಾಜ್‌ಕುಮಾರ್ ಕಣ್ಣಪ್ಪನಾದರು, ಪುನೀತ್ ಬಾಲ ಕಣ್ಣಪ್ಪನಾದರು, ಇಬ್ಬರ ತಂದೆ, ಮೂವತ್ತನಾಲ್ಕು ವರ್ಷ ಹಿಂದಿನ ಕಣ್ಣಪ್ಪನಾದ ರಾಜ್‌ಕುಮಾರ್ ಶಿವನಾಗಿ ಕಾಣಿಸಿಕೊಂಡರು. ಕಂಪನಿ ನಾಟಕದ ಕ್ರಮವೇ ಇಲ್ಲಿ ಪರದೆಯ ಮೇಲೆ ನಡೆಯಿತು. ಹಿರಿಯ ನಟ ಭಕ್ತನ ಪಾತ್ರವನ್ನು ಕಿರಿಯನಿಗೆ ಒಪ್ಪಿಸಿ ತಾನು ದೇವರ ಪಾತ್ರಕ್ಕೆ ಸರಿದರು. ಹಳೆಯ ಚಿತ್ರ ನೋಡಿದ್ದವರಿಗೆ ಶಿವನು ಭಕ್ತನನ್ನು ಪರೀಕ್ಷಿಸುವ ಸನ್ನಿವೇಶ ತಂದೆ ಮಗನನ್ನು ಪರೀಕ್ಷಿಸುವಂತೆಯೂ ಕಂಡರೆ ಆಶ್ಚರ್ಯವಿಲ್ಲ. ಕಥೆಯಲ್ಲಿ ಇಲ್ಲದ ಈ ಅರ್ಥ ಹುಟ್ಟಿದ್ದು ನಟರ ಆಯ್ಕೆಯಿಂದ.

ಇನ್ನೂ ಶುದ್ಧವಾದ ಹೋಲಿಕೆಗೆ 1958ರ ‘ಭೂಕೈಲಾಸ’ ಇದೆ. ಎವಿಎಂ ಸಂಸ್ಥೆ ಒಂದೇ ವರ್ಷ ಕನ್ನಡ ಮತ್ತು ತೆಲುಗಿನಲ್ಲಿ ಈ ಕಥೆಯನ್ನು ತೆರೆಗೆ ತಂದಿತು. ಎರಡಕ್ಕೂ ಕೆ. ಶಂಕರ್ ನಿರ್ದೇಶಕರು, ಎರಡರಲ್ಲೂ ಮಂಡೋದರಿ ಜಮುನಾ. ಕನ್ನಡದಲ್ಲಿ ರಾವಣ ರಾಜ್‌ಕುಮಾರ್, ನಾರದ ಕಲ್ಯಾಣ್‌ಕುಮಾರ್. ತೆಲುಗಿನಲ್ಲಿ ರಾವಣ ಎನ್.ಟಿ. ರಾಮರಾವ್, ನಾರದ ಅಕ್ಕಿನೇನಿ ನಾಗೇಶ್ವರರಾವ್. ನಿರ್ದೇಶಕ, ಸಂಸ್ಥೆ, ನಾಯಕಿ ಯಾವುದೂ ಬದಲಾಗದೆ ಮುಖ್ಯ ನಟರು ಮಾತ್ರ ಬದಲಾದ ಈ ಜೋಡಿಯನ್ನು ಅಭಿನಯದ ವಿದ್ಯಾರ್ಥಿ ಅಕ್ಕಪಕ್ಕ ಇಟ್ಟು ನೋಡಬೇಕು. ತೆಲುಗಿನಲ್ಲಿ ಇಬ್ಬರು ಸಮಬಲದ ತಾರೆಯರ ಪೈಪೋಟಿ ರಾವಣ–ನಾರದರ ಪೈಪೋಟಿಯೊಳಗೆ ಸೇರಿಕೊಂಡಿದೆ. ಕನ್ನಡದಲ್ಲಿ ಮೊದಲಿಗೆ ಬರುವುದು ರಾವಣನ ಭಕ್ತಿಯ ಆರ್ತತೆ.

ಈಗ ಎರಡನೆಯ ಭಾಗಕ್ಕೆ ಬರಬಹುದು. ಆಳಂದ ಸೀಮೆಯಲ್ಲಿ ನಿಂತು ಈ ವಿಷಯ ಮಾತಾಡುವಾಗ ಮೊದಲು ಎತ್ತಬೇಕಾದ ಚಿತ್ರ 1959ರ ‘ಜಗಜ್ಯೋತಿ ಬಸವೇಶ್ವರ’. ಕಥೆ ನಡೆದ ಕಲ್ಯಾಣ ಇಲ್ಲಿಗೆ ನೆರೆಯ ತಾಲ್ಲೂಕು. ಹೈದರಾಬಾದ್ ರಾಜ್ಯದಲ್ಲಿದ್ದ ಈ ಭಾಗ ಕನ್ನಡದ ರಾಜ್ಯಕ್ಕೆ ಸೇರಿ ಆಗ ಮೂರು ವರ್ಷ ಆಗಿತ್ತಷ್ಟೆ. ಟಿ.ವಿ. ಸಿಂಗ್ ಠಾಕೂರ್ ನಿರ್ದೇಶಿಸಿದ ಈ ಚಿತ್ರದಲ್ಲಿ ಬಸವಣ್ಣನ ಪಾತ್ರ ಹೊನ್ನಪ್ಪ ಭಾಗವತರದ್ದು, ಬಿಜ್ಜಳನ ಪಾತ್ರ ರಾಜ್‌ಕುಮಾರ್ ಅವರದ್ದು. ಇಂದಿನ ಪ್ರೇಕ್ಷಕನಿಗೆ ಇದು ತಿರುವುಮುರುವು ಎನಿಸುತ್ತದೆ. ಕನಕದಾಸ, ಕಬೀರ, ತುಕಾರಾಮ, ಪುರಂದರದಾಸ, ಸರ್ವಜ್ಞ, ರಾಘವೇಂದ್ರ, ಗೋರಾ ಕುಂಬಾರ ಎಂದು ಸಂತರ ಸಾಲನ್ನೇ ಮುಂದೆ ಅಭಿನಯಿಸಿದ ನಟ ಬಸವಣ್ಣನಾಗದೆ ಬಸವಣ್ಣನ ಎದುರಾಳಿ ಅರಸನಾದದ್ದು ಹೇಗೆ?

ಉತ್ತರ ಕಾಲದಲ್ಲಿದೆ. 1959ರಲ್ಲಿ ಆ ಸಂತರ ಸಾಲು ಇನ್ನೂ ಶುರುವಾಗಿರಲಿಲ್ಲ. ‘ಭಕ್ತ ಕನಕದಾಸ’ ಬಂದದ್ದು 1960ರಲ್ಲಿ. ಹೊನ್ನಪ್ಪ ಭಾಗವತರು ನಟನೇ ಗಾಯಕನಾಗಿರಬೇಕು ಎಂಬ ಹಿಂದಿನ ಪೀಳಿಗೆಯಿಂದ ಬಂದವರು. ವಚನಕಾರನ ಪಾತ್ರಕ್ಕೆ ಸಂಗೀತಗಾರ ನಟನನ್ನು ಆರಿಸುವುದು ಆ ಕಾಲದ ಸಹಜ ವಿವೇಕ. ಮೂವತ್ತರ ಹರೆಯದ ರಾಜ್‌ಕುಮಾರ್ ಎತ್ತರದ ನಿಲುವು, ಖಣಿಖಣಿ ಮಾತು, ಸಿಂಹಾಸನಕ್ಕೆ ಒಪ್ಪುವ ಗತ್ತು ಇದ್ದವರು. ‘ಭೂಕೈಲಾಸ’ದ ರಾವಣನಾಗಿ ಆ ಗತ್ತನ್ನು ತೋರಿಸಿಯೂ ಆಗಿತ್ತು.

ಪಾತ್ರಗಳನ್ನು ಅದಲುಬದಲು ಮಾಡಿ ಊಹಿಸಿದರೆ ಲಾಭ ಮತ್ತು ನಷ್ಟ ಎರಡೂ ಕಾಣುತ್ತವೆ. ರಾಜ್‌ಕುಮಾರ್ ಬಸವಣ್ಣನಾಗಿದ್ದರೆ ನಾಡಿನ ಮನೆ ಮನೆಗಳ ಬಸವಣ್ಣನ ಚಿತ್ರಕ್ಕೆ ಅವರ ಮುಖವೇ ಬಂದಿರುತ್ತಿತ್ತು. ಆದರೆ ಬಿಜ್ಜಳ ಸೊರಗಿರುತ್ತಿದ್ದ. ಕಲ್ಯಾಣದ ಕಥೆಯಲ್ಲಿ ಅರಸ ಹಗುರವಾದರೆ ಅವನನ್ನು ಎದುರಿಸಿದ ಶರಣರ ಕ್ರಾಂತಿಯೂ ಹಗುರವಾಗುತ್ತದೆ. ಲಂಕೇಶರ ‘ಸಂಕ್ರಾಂತಿ’ ಮತ್ತು ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕಗಳು ಬಿಜ್ಜಳನನ್ನು ತೂಕದ ವ್ಯಕ್ತಿಯಾಗಿ ಕಂಡದ್ದು ಇದೇ ಕಾರಣಕ್ಕೆ. ಎದುರಾಳಿಯ ಪಾತ್ರಕ್ಕೆ ಗಟ್ಟಿ ನಟನನ್ನು ಕೊಟ್ಟ 1959ರ ಚಿತ್ರ ಆ ದೃಷ್ಟಿಯಿಂದ ಸರಿಯಾದ ಹಂಚಿಕೆಯನ್ನೇ ಮಾಡಿತ್ತು.

ಸಂತರ ಪಾತ್ರಗಳಲ್ಲಿ ಇನ್ನೊಂದು ಸಂಗತಿ ಗಮನಾರ್ಹ. ಆಷಾಢ, ಕಾರ್ತಿಕ ಬಂದರೆ ಪಂಢರಪುರದ ದಾರಿ ಹಿಡಿಯುವ ಈ ಗಡಿಸೀಮೆಯ ಜನಕ್ಕೆ ತುಕಾರಾಮ ಪರಕೀಯನಲ್ಲ. 1936ರಲ್ಲಿ ಪ್ರಭಾತ್ ಸಂಸ್ಥೆಯ ಮರಾಠಿ ‘ಸಂತ ತುಕಾರಾಮ’ ಬಂತು. ದಾಮ್ಲೆ ಮತ್ತು ಫತ್ತೇಲಾಲ್ ನಿರ್ದೇಶಿಸಿದ ಈ ಚಿತ್ರ ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ತುಕಾರಾಮನಾಗಿದ್ದ ವಿಷ್ಣುಪಂತ ಪಾಗ್ನಿಸ್ ಅದಕ್ಕೂ ಮೊದಲು ರಂಗದ ಮೇಲೆ ಸ್ತ್ರೀಪಾತ್ರಗಳನ್ನು ಮಾಡಿದವರು. ಅವರ ಮೆಲುನಡೆ, ಮೃದು ದನಿ ತುಕಾರಾಮನ ದೀನಭಾವಕ್ಕೆ ಹೊಂದಿಕೊಂಡವು. ಮುಂದೆ ಅವರಿಗೆ ಒದಗಿದ್ದು ತುಲಸೀದಾಸ, ನರಸೀ ಭಗತರಂಥ ಸಂತರ ಪಾತ್ರಗಳೇ.

1963ರಲ್ಲಿ ಕನ್ನಡದ ‘ಸಂತ ತುಕಾರಾಂ’ ಚಿತ್ರದಲ್ಲಿ ರಾಜ್‌ಕುಮಾರ್, 1973ರಲ್ಲಿ ತೆಲುಗಿನ ‘ಭಕ್ತ ತುಕಾರಾಂ’ ಚಿತ್ರದಲ್ಲಿ ನಾಗೇಶ್ವರರಾವ್ ತುಕಾರಾಮರಾದರು. ಪಾಗ್ನಿಸರ ತುಕಾರಾಮ ಮೊದಲಿನಿಂದಲೂ ಲೋಕಕ್ಕೆ ಬೆನ್ನು ತಿರುಗಿಸಿದವನಂತೆ ಕಾಣುತ್ತಾನೆ. ತಾರೆಯ ತುಕಾರಾಮನ ಸ್ಥಿತಿ ಬೇರೆ. ಬಲಿಷ್ಠ ನಾಯಕನೆಂದು ಪ್ರೇಕ್ಷಕ ಆಗಲೇ ಒಪ್ಪಿಕೊಂಡ ನಟ ಕೈಮುಗಿದು ಬಗ್ಗಿದಾಗ, ಇರುವ ಶಕ್ತಿಯನ್ನು ಬಿಟ್ಟುಕೊಟ್ಟಂತೆ ತೋರುತ್ತದೆ. ಒಂದರಲ್ಲಿ ಹುಟ್ಟು ದೈನ್ಯ, ಇನ್ನೊಂದರಲ್ಲಿ ಗೆದ್ದುಕೊಂಡ ವಿನಯ. ಅಭಂಗ ಅದೇ, ಪಾಂಡುರಂಗ ಅವನೇ, ಭಕ್ತಿಯ ಬಗೆ ಬೇರೆ.

ಗೋರಾ ಕುಂಬಾರನ ಕಥೆಗೂ ಹೀಗೆಯೇ ಮೂವರು ನಟರು. 1948ರ ತಮಿಳಿನ ‘ಚಕ್ರಧಾರಿ’ಯಲ್ಲಿ ವಿ. ನಾಗಯ್ಯ, 1974ರ ಕನ್ನಡದ ‘ಭಕ್ತ ಕುಂಬಾರ’ದಲ್ಲಿ ರಾಜ್‌ಕುಮಾರ್, ಅದನ್ನೇ ಆಧರಿಸಿದ 1977ರ ತೆಲುಗಿನ ‘ಚಕ್ರಧಾರಿ’ಯಲ್ಲಿ ನಾಗೇಶ್ವರರಾವ್. ಈ ಪಾತ್ರದ ತಿರುಳು ಮಣ್ಣು ತುಳಿಯುವ ಸನ್ನಿವೇಶದಲ್ಲಿದೆ. ನಾಮಸ್ಮರಣೆಯಲ್ಲಿ ಮೈಮರೆತ ಕುಂಬಾರ ತನ್ನ ಕೂಸನ್ನೇ ಕೆಸರಿನಲ್ಲಿ ತುಳಿಯುತ್ತಾನೆ. ಇಲ್ಲಿ ಮಾತಿಗೆ ಕೆಲಸವಿಲ್ಲ. ಕಾಲು, ಸೊಂಟ, ಮುಚ್ಚಿದ ಕಣ್ಣು ಇವುಗಳಿಂದಲೇ ಅಭಿನಯ ನಡೆಯಬೇಕು. ದುಡಿಯುವ ಮೈಯ ಲಯ ನಟನಲ್ಲಿ ಇಲ್ಲದಿದ್ದರೆ ಆ ಸನ್ನಿವೇಶ ಕ್ರೌರ್ಯವಾಗಿ ಕಂಡೀತು. ಈ ಪಾತ್ರಕ್ಕೆ ಯಾರನ್ನು ಊಹಿಸಿದರೂ ಮೊದಲು ಕೇಳಬೇಕಾದ್ದು ಆ ಮೈ ಮಣ್ಣಿಗೆ ಒಪ್ಪುತ್ತದೆಯೇ ಎಂಬುದನ್ನು.

ಮೂರನೆಯ ಭಾಗ ತಾರೆಯದು. ಇದಕ್ಕೆ ತಕ್ಕ ಉದಾಹರಣೆ 1971ರ ‘ಕಸ್ತೂರಿ ನಿವಾಸ’. ದೊರೈ–ಭಗವಾನ್ ಜೋಡಿಯ ಈ ಚಿತ್ರದ ಕಥೆ ಜಿ. ಬಾಲಸುಬ್ರಹ್ಮಣ್ಯಂ ಅವರದ್ದು. ಶಿವಾಜಿ ಗಣೇಶನ್ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ಕಥೆ ತಮಿಳಿನಲ್ಲಿ ಚಿತ್ರವಾಗದೆ ಕನ್ನಡಕ್ಕೆ ಬಂತು. ಕೇಳಿದವರಿಗೆ ಇಲ್ಲವೆನ್ನದ ಬೆಂಕಿಪೊಟ್ಟಣ ಕಾರ್ಖಾನೆಯ ಒಡೆಯ ರವಿವರ್ಮ ತನ್ನಲ್ಲಿದ್ದುದೆಲ್ಲವನ್ನೂ ಕಳೆದುಕೊಳ್ಳುತ್ತಾನೆ. ತನ್ನ ಕೈಕೆಳಗೆ ಬೆಳೆದವನೇ ಎದುರು ನಿಂತು ಗೆಲ್ಲುತ್ತಾನೆ. ಕೊನೆಗೆ ಮನೆಗೆ ಬಂದವರಿಗೆ ಊಟ ಹಾಕಲು ಪ್ರೀತಿಯ ಪಾರಿವಾಳವನ್ನೂ ಮಾರಿದ ಮೇಲೆ, ಅವರು ಕೇಳಲು ಬಂದದ್ದು ಆ ಪಾರಿವಾಳವನ್ನೇ ಎಂದು ತಿಳಿದು ಪ್ರಾಣ ಬಿಡುತ್ತಾನೆ. ಕನ್ನಡದಲ್ಲಿ ಗೆದ್ದ ಈ ಕಥೆ 1974ರಲ್ಲಿ ಸಂಜೀವ್‌ಕುಮಾರ್ ಅಭಿನಯದ ‘ಶಾಂದಾರ್’ ಆಗಿ ಹಿಂದಿಗೆ ಹೋಯಿತು. 1975ರಲ್ಲಿ ‘ಅವನ್‌ದಾನ್ ಮನಿದನ್’ ಆಗಿ ಕೊನೆಗೂ ಶಿವಾಜಿ ಗಣೇಶನ್ ಅವರನ್ನೇ ತಲುಪಿತು. ಅದು ಅವರ 175ನೆಯ ಚಿತ್ರ. ಯಾರಿಗಾಗಿ ಹುಟ್ಟಿತೋ ಆ ನಟನ ಬಳಿಗೆ ಕಥೆ ಸುತ್ತು ಹಾಕಿ ಮರಳಿದ ಅಪರೂಪದ ಪ್ರಸಂಗ ಇದು.

ಶಿವಾಜಿ ಗಣೇಶನ್ ಅಭಿನಯದ ಶಕ್ತಿ ದನಿಯ ಏರಿಳಿತದಲ್ಲಿ, ಮುಖದ ಪ್ರತಿ ಸ್ನಾಯುವನ್ನೂ ದುಡಿಸುವ ವಿಸ್ತಾರದಲ್ಲಿದೆ. ಅವರ ದಾನಿ ಕೊಡುವಾಗ ಆ ಕೊಡುಗೆ ಒಂದು ಘಟನೆಯಾಗುತ್ತದೆ. ರಾಜ್‌ಕುಮಾರ್ ಅವರ ರವಿವರ್ಮ ಕೊಡುವುದನ್ನು ದಿನನಿತ್ಯದ ಉಸಿರಾಟದಷ್ಟು ಸಾಮಾನ್ಯವಾಗಿ ಮಾಡುತ್ತಾನೆ. ಆದ್ದರಿಂದಲೇ ಕೊಡಲಾಗದ ಕೊನೆಯ ಗಳಿಗೆ ಉಸಿರು ನಿಂತ ಗಳಿಗೆಯೂ ಆಗುವುದು ಕನ್ನಡದಲ್ಲಿ ಹೆಚ್ಚು ನಂಬುವಂತಿದೆ. ಒಬ್ಬರು ದೊಡ್ಡವರು, ಇನ್ನೊಬ್ಬರು ಚಿಕ್ಕವರು ಎಂಬ ತೀರ್ಪು ಇದಲ್ಲ. ಸಂಯಮ ಬೇಡುವ ಪಾತ್ರದಲ್ಲಿ ಸಂಯಮದ ನಟ ಗೆಲ್ಲುತ್ತಾನೆ ಎಂಬುದಷ್ಟೇ ಮಾತು.

1978ರ ‘ಶಂಕರ್ ಗುರು’ ಬೇರೆ ಬಗೆಯ ಪಾಠ ಹೇಳುತ್ತದೆ. ವಿ. ಸೋಮಶೇಖರ್ ನಿರ್ದೇಶನದ ಈ ಚಿತ್ರದಲ್ಲಿ ಹೆಂಡತಿಯಿಂದ ಅಗಲಿದ ತಂದೆ ಮತ್ತು ಇಬ್ಬರು ಗಂಡುಮಕ್ಕಳು, ಮೂರೂ ಪಾತ್ರ ರಾಜ್‌ಕುಮಾರ್ ಅವರವೇ. ತೆಲುಗಿನ ‘ಕುಮಾರ ರಾಜಾ’ದಲ್ಲಿ ಕೃಷ್ಣ, 1979ರ ತಮಿಳಿನ ‘ತ್ರಿಶೂಲಂ’ನಲ್ಲಿ ಶಿವಾಜಿ ಗಣೇಶನ್, 1983ರ ಹಿಂದಿಯ ‘ಮಹಾನ್’ನಲ್ಲಿ ಅಮಿತಾಭ್ ಬಚ್ಚನ್ ಅದೇ ಮೂರು ಪಾತ್ರ ಮಾಡಿದರು. ‘ತ್ರಿಶೂಲಂ’ ಶಿವಾಜಿಯವರ 200ನೆಯ ಚಿತ್ರ. ಅವರ 175ನೆಯದೂ 200ನೆಯದೂ ರಾಜ್‌ಕುಮಾರ್ ಮೊದಲು ಮಾಡಿದ ಪಾತ್ರಗಳೇ ಆಗಿದ್ದವು.

ಇಲ್ಲಿ ನೋಡಬೇಕಾದ್ದು ವಯಸ್ಸನ್ನು. ಚಿತ್ರ ತೆರೆಗೆ ಬಂದಾಗ ರಾಜ್‌ಕುಮಾರ್ ಅವರಿಗೆ ಐವತ್ತರ ಸಮೀಪ, ಶಿವಾಜಿಯವರಿಗೆ 50, ಬಚ್ಚನ್ ಅವರಿಗೆ 40, ಕೃಷ್ಣ ಅವರಿಗೆ ಮೂವತ್ತೈದರ ಆಸುಪಾಸು. ಮೊದಲಿನ ಇಬ್ಬರು ತಂದೆಯ ವಯಸ್ಸಿನಲ್ಲೇ ಇದ್ದು ಮಕ್ಕಳಾಗಲು ಕೆಳಗಿಳಿದರು. ಉಳಿದಿಬ್ಬರು ಮಕ್ಕಳ ಕಡೆ ನಿಂತು ತಂದೆಯಾಗಲು ಮೇಲೇರಿದರು. ಹೀಗಾಗಿ ಒಂದರಲ್ಲಿ ತಂದೆಯ ಅಗಲಿಕೆಯ ನೋವು ಸಹಜವಾಗಿ ಬಂದು ಹುಡುಗಾಟಿಕೆಗೆ ಶ್ರಮ ಬೇಕಾಯಿತು, ಇನ್ನೊಂದರಲ್ಲಿ ಹುಡುಗಾಟಿಕೆ ಸಲೀಸಾಗಿ ಬಂದು ನೋವಿಗೆ ಬಿಳಿಗೂದಲು ಬೇಕಾಯಿತು. ನಟ ಬದಲಾದಾಗ ಚಿತ್ರದ ಭಾರ ಒಂದು ಪಾತ್ರದಿಂದ ಇನ್ನೊಂದಕ್ಕೆ ಸರಿಯುವುದು ಹೀಗೆ.

ತಾರೆಗೆ ವಿರುದ್ಧವಾದ ತುದಿಯಲ್ಲಿ ಹೊಸ ಮುಖವಿದೆ. 1972ರ ‘ನಾಗರಹಾವು’ ಚಿತ್ರದ ರಾಮಾಚಾರಿಯ ಪಾತ್ರವನ್ನು ಪುಟ್ಟಣ್ಣ ಕಣಗಾಲ್ ಆಗಿನ್ನೂ ಹೆಸರಾಗದ ಇಪ್ಪತ್ತೆರಡರ ತರುಣ ಸಂಪತ್‌ಕುಮಾರ್ ಅವರಿಗೆ ಕೊಟ್ಟರು, ವಿಷ್ಣುವರ್ಧನ್ ಎಂಬ ಹೆಸರನ್ನೂ ಇಟ್ಟರು. ಅದೇ ಕಥೆಯನ್ನು ಪುಟ್ಟಣ್ಣನವರೇ 1974ರಲ್ಲಿ ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಎಂದು ತೆಗೆದರು. ನಿರ್ದೇಶಕ ಬದಲಾಗದೆ ನಟ ಬದಲಾದ ಇನ್ನೊಂದು ಪ್ರಸಂಗವಿದು. ಹಿಂದಿಯ ನಾಯಕ ರಿಷಿ ಕಪೂರ್ ‘ಬಾಬಿ’ ಚಿತ್ರದಿಂದ ದೇಶಕ್ಕೇ ಮುದ್ದಿನ ಪ್ರೇಮಿಯಾಗಿ ಒಂದು ವರ್ಷವಾಗಿತ್ತು. ವಿಷ್ಣುವರ್ಧನ್ ಸಿಡುಕಿದಾಗ ಈ ಹುಡುಗ ಏನು ಮಾಡುತ್ತಾನೋ ಎಂಬ ಭಯ ಹುಟ್ಟುತ್ತದೆ, ಏಕೆಂದರೆ ಆತನನ್ನು ಪ್ರೇಕ್ಷಕ ನಾಯಕನಾಗಿ ಮೊದಲು ಕಂಡಿಲ್ಲ. ರಿಷಿ ಕಪೂರ್ ಸಿಡುಕಿದಾಗ ಕಾಣುವುದು ಮುದ್ದು ಹುಡುಗನ ಮುನಿಸು. ಗುರುವಿನ ಪಾತ್ರವೂ ಹಾಗೆಯೇ. ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರಲ್ಲಿ ನಮ್ಮ ಶಾಲೆಯ ಮಾಸ್ತರರ ನೆರಳಿದೆ. ಹಿಂದಿಯಲ್ಲಿ ಆ ಜಾಗಕ್ಕೆ ಬಂದ ಪ್ರಾಣ್ ಸಮರ್ಥ ನಟರಾದರೂ ಅವರ ಹಿಂದೆ ಎಷ್ಟೋ ಖಳರ ನೆನಪು ನಿಂತಿತ್ತು. ಕನ್ನಡದಲ್ಲಿ ದೊರೆತ ಯಶಸ್ಸು ಹಿಂದಿಯಲ್ಲಿ ದೊರೆಯಲಿಲ್ಲ.

ಹೊಸ ಮುಖದ ಬಲಕ್ಕೆ ಇನ್ನೊಂದು ಸಾಕ್ಷಿ 1975ರ ‘ಚೋಮನ ದುಡಿ’. ಬಿ.ವಿ. ಕಾರಂತರು ಚೋಮನ ಪಾತ್ರಕ್ಕೆ ಆರಿಸಿದ್ದು ತಾರೆಯಲ್ಲದ ಎಂ.ವಿ. ವಾಸುದೇವರಾವ್ ಅವರನ್ನು. ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಅವರಿಗೆ ಬಂತು. ತುಂಡು ಭೂಮಿಗೆ ಹಂಬಲಿಸುವ ಚೋಮನಾಗಿ ಯಾವ ತಾರೆ ನಿಂತರೂ ಪ್ರೇಕ್ಷಕ ಕೊನೆಗೆ ಆತ ಗೆದ್ದೇ ಗೆಲ್ಲುತ್ತಾನೆಂದು ಕಾಯುತ್ತಿದ್ದ.

ಕೊನೆಯ ಭಾಗಕ್ಕೆ ಬಂದರೆ, ಸ್ತ್ರೀಪಾತ್ರಗಳಲ್ಲಿ ಗಂಗಾ–ನಾಗವಲ್ಲಿಯಷ್ಟು ಕೈ ಬದಲಾಯಿಸಿದ ಪಾತ್ರ ಇನ್ನೊಂದು ಸಿಗುವುದು ಕಷ್ಟ. 1993ರ ಮಲಯಾಳದ ‘ಮಣಿಚಿತ್ರತ್ತಾಳ್’ನಲ್ಲಿ ಶೋಭನಾ, 2004ರ ಕನ್ನಡದ ‘ಆಪ್ತಮಿತ್ರ’ದಲ್ಲಿ ಸೌಂದರ್ಯ, 2005ರ ತಮಿಳಿನ ‘ಚಂದ್ರಮುಖಿ’ಯಲ್ಲಿ ಜ್ಯೋತಿಕಾ, 2007ರ ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ ವಿದ್ಯಾ ಬಾಲನ್. ಮನೆಯ ಸೊಸೆ ಹಳೆಯ ಕಾಲದ ನರ್ತಕಿಯಾಗಿ ತನ್ನನ್ನು ಭಾವಿಸಿಕೊಂಡು ಬೇರೆ ಭಾಷೆ ಆಡತೊಡಗುವುದು ಈ ಪಾತ್ರದ ಕೇಂದ್ರ. ಮಲಯಾಳದಲ್ಲಿ ಆ ಭಾಷೆ ತಮಿಳು, ಕನ್ನಡ ಮತ್ತು ತಮಿಳಿನಲ್ಲಿ ತೆಲುಗು, ಹಿಂದಿಯಲ್ಲಿ ಬಂಗಾಳಿ.

ಶೋಭನಾ ಪಳಗಿದ ಭರತನಾಟ್ಯ ಕಲಾವಿದೆ. ಅವರಲ್ಲಿ ನಾಗವಲ್ಲಿಯ ನೃತ್ಯವೇ ಮೇಲುಗೈ. ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿಯೂ ಅವರಿಗೆ ದೊರೆಯಿತು. ಸೌಂದರ್ಯ ಅವರ ಬಲ ಬೇರೆ ಕಡೆ ಇತ್ತು. ಮುಳಬಾಗಿಲು ಕಡೆಯಿಂದ ಬಂದ ಈ ಕನ್ನಡತಿ ದೊಡ್ಡ ತಾರೆಯಾದದ್ದು ತೆಲುಗಿನಲ್ಲಿ. ಮನೆಯೊಳಗೆ ಕನ್ನಡದ ಹೆಣ್ಣಾಗಿದ್ದ ಗಂಗಾ ತಟ್ಟನೆ ತೆಲುಗಿಗೆ ಹೊರಳಿದಾಗ ಆ ಹೊರಳು ನಂಬುವಂತೆ ಆಗಲು ನಟಿಯ ಬದುಕೇ ಒತ್ತಾಸೆಯಾಯಿತು. 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ. ಸತ್ತ ನರ್ತಕಿಯ ಪಾತ್ರವನ್ನು, ಆಗ ಬದುಕಿಲ್ಲದ ನಟಿಯಲ್ಲಿ ಜನ ನೋಡಿದರು. ಆ ಅನುಭವವನ್ನು ಯಾವ ಮರುಚಿತ್ರಣವೂ ಮರಳಿ ಕೊಡಲಾರದು.

ಈ ಕಥೆಯಲ್ಲೂ ತಾರೆಯ ಭಾರ ಕಾಣುತ್ತದೆ. ಮಲಯಾಳದಲ್ಲಿ ಮೋಹನ್‌ಲಾಲ್ ಅವರ ವೈದ್ಯ ಕಥೆ ಸಾಕಷ್ಟು ಸಾಗಿದ ಮೇಲೆ ಬರುತ್ತಾನೆ. ‘ಚಂದ್ರಮುಖಿ’ಯಲ್ಲಿ ರಜನಿಕಾಂತ್ ಮೊದಲಲ್ಲೇ ಹೊಡೆದಾಟದೊಂದಿಗೆ ಬರುತ್ತಾರೆ. ‘ಆಪ್ತಮಿತ್ರ’ ಮತ್ತು ‘ಚಂದ್ರಮುಖಿ’ ಎರಡನ್ನೂ ನಿರ್ದೇಶಿಸಿದವರು ಪಿ. ವಾಸು. ಎರಡರಲ್ಲೂ ಮಾಂತ್ರಿಕ ಆಚಾರ್ಯರಾದವರು ನಮ್ಮ ಅವಿನಾಶ್. ಭಾಷೆ ಬದಲಾದರೂ ಅವರ ಪಾತ್ರ ಅಲುಗಲಿಲ್ಲ. ನಾಯಕನ ಪಾತ್ರ ನಟನಿಗೆ ತಕ್ಕಂತೆ ಹಿಗ್ಗಿಕೊಳ್ಳುತ್ತದೆ, ಪೋಷಕ ಪಾತ್ರ ಕಥೆಗೆ ತಕ್ಕಂತೆ ನಿಲ್ಲುತ್ತದೆ.

1986ರ ‘ಅನುರಾಗ ಅರಳಿತು’ ಚಿತ್ರದ ಅಹಂಕಾರಿ ಒಡತಿಯ ಪಾತ್ರವೂ ಮಾಧವಿಯಿಂದ ತಮಿಳಿನ ‘ಮನ್ನನ್’ನಲ್ಲಿ ವಿಜಯಶಾಂತಿಗೆ, ತೆಲುಗಿನ ‘ಘರಾನಾ ಮೊಗುಡು’ವಿನಲ್ಲಿ ನಗ್ಮಾಗೆ ಹೋಯಿತು. ಹಿಂದಿಯ ‘ಲಾಡ್ಲಾ’ದಲ್ಲಿ ಮೊದಲು ಆರಿಸಿದ್ದ ದಿವ್ಯಾ ಭಾರತಿ ತೀರಿಕೊಂಡ ಮೇಲೆ ಶ್ರೀದೇವಿ ಬಂದರು. ಪೊಲೀಸ್ ಅಧಿಕಾರಿಯಂಥ ಗಟ್ಟಿ ಪಾತ್ರಗಳಿಂದ ಹೆಸರಾದ ವಿಜಯಶಾಂತಿ ಎದುರು ನಿಂತಾಗ ನಾಯಕನ ಗೆಲುವು ಅಷ್ಟು ಸುಲಭವೆನಿಸುವುದಿಲ್ಲ. ನಾಯಕಿ ಬದಲಾದರೆ ನಾಯಕನ ಪಾತ್ರವೂ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇನ್ನು ದನಿ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ನಿಧನರಾದಾಗ ‘ಜೇಮ್ಸ್’ ಚಿತ್ರದ ಡಬ್ಬಿಂಗ್ ಉಳಿದಿತ್ತು. 2022ರ ಮಾರ್ಚ್ 17ರಂದು ಚಿತ್ರ ಬಂದಾಗ ಅವರ ಪಾತ್ರಕ್ಕೆ ದನಿಯಾದವರು ಅಣ್ಣ ಶಿವರಾಜ್‌ಕುಮಾರ್. ಮುಂದೆ ತಂತ್ರಜ್ಞಾನದ ನೆರವಿನಿಂದ ಪುನೀತರದೇ ದನಿ ಜೋಡಿಸಿದ ಪ್ರತಿಯೂ ತೆರೆಕಂಡಿತು. ಒಂದೇ ಮೈಗೆ ಎರಡು ದನಿ ಕೇಳಿದ ಪ್ರೇಕ್ಷಕರಿಗೆ ನಟನ ಅರ್ಧ ಭಾಗ ಕಂಠದಲ್ಲಿದೆ ಎಂಬುದು ಮನದಟ್ಟಾಯಿತು.

ದನಿಯ ಜೊತೆ ಆಡುನುಡಿ ಬರುತ್ತದೆ. ಕನ್ನಡ ಚಿತ್ರಗಳ ನಾಯಕ ಬಹುಕಾಲ ಮೈಸೂರು ಸೀಮೆಯ ಕನ್ನಡವನ್ನೋ ಗ್ರಂಥದ ಕನ್ನಡವನ್ನೋ ಆಡಿದ. ಉತ್ತರದ ನುಡಿ ಹೆಚ್ಚಾಗಿ ನಗೆಪಾತ್ರಗಳ ಪಾಲಾಯಿತು. ಇದಕ್ಕೆ ಗೌರವದ ಅಪವಾದ 1997ರ ‘ನಾಗಮಂಡಲ’. ಕಾರ್ನಾಡರ ನಾಟಕವನ್ನು ಟಿ.ಎಸ್. ನಾಗಾಭರಣ ಚಿತ್ರವಾಗಿಸಿದಾಗ ಗೋಪಾಲ ವಾಜಪೇಯಿ ಅವರು ಉತ್ತರ ಕರ್ನಾಟಕದ ನುಡಿಯಲ್ಲೇ ಬರೆದರು. ಬೆಂಗಳೂರಿನಲ್ಲಿ ಬೆಳೆದ ಪ್ರಕಾಶ್ ರೈ ಆ ನುಡಿಯನ್ನು ಆಡಿ ಅಪ್ಪಣ್ಣನೂ ನಾಗನೂ ಆದರು. ಈ ಎರಡು ಪಾತ್ರಗಳನ್ನು ಇಬ್ಬರಿಗೆ ಹಂಚಿದರೆ ಕಥೆಯೇ ನಿಲ್ಲುವುದಿಲ್ಲ. ಹಗಲಿನ ಗಂಡನೂ ಇರುಳಿನ ಗಂಡನೂ ರಾಣಿಗೆ ಒಂದೇ ಮುಖದವರಾಗಿ ಕಾಣಬೇಕು. ನಟನನ್ನು ಬದಲಿಸುವ ಕಲ್ಪನೆಗೂ ಒಂದು ಗಡಿ ಇದೆ ಎಂದು ತೋರಿಸುವ ಪಾತ್ರ ಇದು.

ಇದೇ ದಾರಿಯಲ್ಲಿ ಇನ್ನೊಂದು ಕಲ್ಪನೆ ಸಾಧ್ಯ. 1972ರ ‘ಬಂಗಾರದ ಮನುಷ್ಯ’ ಚಿತ್ರದ ರಾಜೀವ ಕಾಡುಮೇಡನ್ನು ಹೊಲ ಮಾಡುವ ಬದಲು ಆಳಂದ, ಅಫಜಲಪುರ, ಜೇವರ್ಗಿಯ ಕರಿನೆಲದಲ್ಲಿ ತೊಗರಿ ಬಿತ್ತಿ, ಮಳೆಗೆ ಕಾಯುತ್ತ, ಕಲಬುರಗಿಯ ಮಾತಿನಲ್ಲಿ ಸೋದರಳಿಯಂದಿರನ್ನು ಗದರಿಸಿದರೆ ಆ ಚಿತ್ರ ಹೇಗಿದ್ದೀತು? ಪಾತ್ರ ಅದೇ ಇದ್ದೀತು, ಕಷ್ಟಗಳು ಬೇರೆಯಾದಾವು. ಆ ನುಡಿಯನ್ನು ಸಲೀಸಾಗಿ ಆಡಬಲ್ಲ ನಾಯಕನಟನನ್ನು ಚಿತ್ರರಂಗ ಈ ಸೀಮೆಯಲ್ಲಿ ಹುಡುಕಬೇಕಾದೀತು.

ಇಷ್ಟು ವಿವೇಚನೆಯಿಂದ ಮೂರು ನಿರ್ಣಯಗಳು ನಿಲ್ಲುತ್ತವೆ. ಒಂದು, ನಟ ತಾನೊಬ್ಬನೇ ಪಾತ್ರಕ್ಕೆ ಬರುವುದಿಲ್ಲ. ಅವನ ವಯಸ್ಸು, ಮೈಕಟ್ಟು, ದನಿ, ಹಿಂದೆ ಮಾಡಿದ ಪಾತ್ರಗಳ ನೆನಪು ಎಲ್ಲವೂ ಅವನೊಡನೆ ಬರುತ್ತವೆ. ಎರಡು, ಒಬ್ಬ ನಟನನ್ನು ಬದಲಿಸಿದರೆ ಎದುರಿನ ಪಾತ್ರದ ತೂಕವೂ ಬದಲಾಗುತ್ತದೆ. ಮೂರು, ‘ಅವರಿಂದ ಮಾತ್ರ ಸಾಧ್ಯ’ ಎಂಬ ಮಾತು ಕೆಲವೇ ಪಾತ್ರಗಳಿಗೆ ನಿಜ. ಉಳಿದ ಪಾತ್ರಗಳು ಹೊಸ ನಟ ಬಂದಾಗ ಹೊಸ ಅರ್ಥ ಪಡೆಯುತ್ತವೆ, ಹಳೆಯ ಅಭಿನಯಕ್ಕೆ ಅದರಿಂದ ಕುಂದಿಲ್ಲ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಇಲ್ಲಿ ಹೆಸರಿಸಿದ ಯಾವುದಾದರೂ ಒಂದು ಕಥೆಯ ಎರಡು ಭಾಷೆಯ ಚಿತ್ರಗಳನ್ನು ಒಟ್ಟಿಗೆ ನೋಡಿ, ಒಂದೇ ಸನ್ನಿವೇಶವನ್ನು ಹೋಲಿಸಿ ಬರೆಯಬೇಕು. ಊರಿನ ನಾಟಕ ಮಂಡಳಿಗಳಲ್ಲಿ ಇನ್ನೊಂದು ಕೋರಿಕೆ. ಮುಂದಿನ ಜಾತ್ರೆಗೆ ಪಾರ್ಟು ಹಂಚುವಾಗ ಪ್ರತಿ ವರ್ಷ ಖಳನಾಗುವವನಿಗೆ ನಾಯಕನ ಪಾತ್ರವನ್ನೂ, ನಾಯಕನಾಗುವವನಿಗೆ ಖಳನ ಪಾತ್ರವನ್ನೂ ಒಮ್ಮೆ ಕೊಟ್ಟು ನೋಡಬೇಕು, ಮಾತುಗಳನ್ನು ಈ ಸೀಮೆಯ ಕನ್ನಡದಲ್ಲೇ ಆಡಿಸಬೇಕು.